ಗೆಜ್ಜೆಯ ಹಗ್ಗ ಬಿಚ್ಚಿದಾಗ: ಅಕ್ರಂ ಖಾನ್ ಅವರ ‘ಕ್ಸೆನೋಸ್’

ಲಂಡನ್ನಿನ ಸ್ಯಾಡ್ಲರ್ಸ್ ವೆಲ್ಸ್ ರಂಗಮಂದಿರದಲ್ಲಿ 2018ರ ಮೇ 29ರಿಂದ ಜೂನ್ 9ರವರೆಗೆ ನಡೆದ ‘ಕ್ಸೆನೋಸ್’ ನೃತ್ಯಪ್ರಯೋಗವನ್ನು ನಾನು ಎರಡು ಸಲ ನೋಡಿದೆ. ಮೊದಲನೆಯ ಸಲ ಎಲ್ಲಕ್ಕಿಂತ ಮೇಲಿನ ಅಂತಸ್ತಿನಲ್ಲಿ, ಕಡಿಮೆ ಬೆಲೆಯ ಟಿಕೆಟಿನಲ್ಲಿ, ಒಬ್ಬಳೇ ಕುಳಿತಿದ್ದೆ. ಎರಡನೆಯ ಸಲ ಮೈಸೂರಿನಿಂದ ಬಂದಿದ್ದ ಸೋದರತ್ತೆಯನ್ನು ಕರೆದುಕೊಂಡು, ವೇದಿಕೆಗೆ ಹತ್ತಿರದ ಕೆಳಗಿನ ಸಾಲುಗಳಲ್ಲಿ ಕುಳಿತು ನೋಡಿದೆ. ಒಂದೇ ಪ್ರಯೋಗಕ್ಕೆ ಎರಡು ಬಾರಿ ಹಣ ಕೊಡುವ ಅಭ್ಯಾಸ ನನಗಿಲ್ಲ. ಈ ಸಲ ಕೊಟ್ಟಿದ್ದಕ್ಕೆ ಕಾರಣವನ್ನು ಕೊಂಚ ವಿವರವಾಗಿಯೇ ಹೇಳಬೇಕೆನಿಸುತ್ತದೆ. ಶಾಸ್ತ್ರೀಯ ನೃತ್ಯವನ್ನೂ ಸಮಕಾಲೀನ ನೃತ್ಯವನ್ನೂ ಬೆಸೆದು, ಬೇರೆ ಬೇರೆ ದೇಶಗಳ ವಾದ್ಯಗಳನ್ನು ವೇದಿಕೆಯ ಮೇಲೆಯೇ ನುಡಿಸುತ್ತೇವೆ ಎಂಬ ಭರವಸೆಯ ಕಾರ್ಯಕ್ರಮಗಳು ಈಗ ಎಲ್ಲ ಊರುಗಳಲ್ಲೂ ನಡೆಯುತ್ತಿವೆ. ಅವುಗಳಲ್ಲಿ ಯಾವುದು ಟಿಕೆಟಿನ ಬೆಲೆಗೆ ತಕ್ಕದ್ದು ಎಂದು ತೂಗಿ ನೋಡಲು ಈ ಪ್ರಯೋಗ ಒಂದು ಒಳ್ಳೆಯ ಅಳತೆಗೋಲು.

ಮೊದಲು ಏನಿದು ಎಂಬುದನ್ನು ಹೇಳಿಬಿಡುತ್ತೇನೆ. ಇದು ಸುಮಾರು 65 ನಿಮಿಷಗಳ, ನಡುವೆ ವಿರಾಮವಿಲ್ಲದ ಏಕವ್ಯಕ್ತಿ ನೃತ್ಯ. ಕುಣಿಯುವವರು ಅಕ್ರಂ ಖಾನ್. ನೃತ್ಯಸಂಯೋಜನೆ, ನಿರ್ದೇಶನ ಅವರದ್ದೇ. ಸಂಗೀತ ರಚನೆ ವಿನ್ಚೆಂಜೊ ಲಮಾನ್ಯ ಅವರದು, ಮಾತುಗಳನ್ನು ಬರೆದವರು ಕೆನಡಾದ ಜೋರ್ಡನ್ ಟ್ಯಾನಹಿಲ್, ರಂಗಸಜ್ಜಿಕೆ ಮಿರೆಲಾ ವೈನ್‌ಗಾರ್ಟನ್ ಅವರದು, ಬೆಳಕು ಮೈಕಲ್ ಹಲ್ಸ್ ಅವರದು. ವೇದಿಕೆಯ ಮೇಲೆ ಐದು ಮಂದಿ ಸಂಗೀತಗಾರರಿದ್ದಾರೆ. ಮೊದಲ ಮಹಾಯುದ್ಧಕ್ಕೆ ನೂರು ವರ್ಷ ತುಂಬಿದ ನೆನಪಿಗೆಂದು ಬ್ರಿಟನ್ನಿನಲ್ಲಿ ನಡೆದ ‘14-18 ನೌ’ ಕಲಾಯೋಜನೆಯೂ ಸೇರಿದಂತೆ ಕೆಲವು ಸಂಸ್ಥೆಗಳು ಇದನ್ನು ಮಾಡಿಸಿವೆ, ಮತ್ತು ಇದರ ಮೊದಲ ಪ್ರದರ್ಶನ 2018ರ ಫೆಬ್ರವರಿಯಲ್ಲಿ ಅಥೆನ್ಸ್‌ನಲ್ಲಿ ಆಯಿತು. ‘ಕ್ಸೆನೋಸ್’ ಗ್ರೀಕ್ ಪದ. ಅಪರಿಚಿತ, ಪರದೇಶಿ ಎಂಬ ಅರ್ಥ ಅದಕ್ಕಿದೆ. ಆಗ 43ರ ವಯಸ್ಸಿನವರಾಗಿದ್ದ ಖಾನ್, ತಾವು ಪೂರ್ಣಾವಧಿಯ ಏಕವ್ಯಕ್ತಿ ಪ್ರಯೋಗದಲ್ಲಿ ಕುಣಿಯುವುದು ಇದೇ ಕೊನೆ ಎಂದು ಮೊದಲೇ ತಿಳಿಸಿದ್ದರು.

ಬಾಗಿಲು ತೆರೆದು ನಾವು ಒಳಗೆ ಕಾಲಿಡುವ ಹೊತ್ತಿಗೆ ಸಂಗೀತ ಆಗಲೇ ನಡೆಯುತ್ತಿರುತ್ತದೆ. ಪರದೆ ಏಳುವುದು, ದೀಪ ಆರುವುದು, ಚಪ್ಪಾಳೆ ಬೀಳುವುದು ಯಾವುದೂ ಇಲ್ಲ. ವೇದಿಕೆಯ ಮೇಲೆ ಹಾಸು, ದಿಂಬುಗಳು, ಕುರ್ಚಿಗಳು, ಮೇಲೆ ತೂಗುಬಿಟ್ಟ ಬಲ್ಬುಗಳ ಸಾಲು. ನಮ್ಮ ಕಡೆ ಮದುವೆಮನೆಯ ಹಿಂದಿನ ಸಂಜೆ ಚಪ್ಪರದಲ್ಲಿ ಕಾಣುವಂಥ ಮಂದ ಬೆಳಕು. ಅಲ್ಲಿ ಇಬ್ಬರು ಕುಳಿತು, ಸಭೆ ತುಂಬುವುದನ್ನು ಗಮನಿಸದವರಂತೆ, ಹಾಡುತ್ತಾ ನುಡಿಸುತ್ತಾ ಇರುತ್ತಾರೆ. ಹಾಡುವವರು ಲಾಸ್ ಏಂಜಲೀಸ್‌ನಲ್ಲಿ ಬೆಳೆದ ಕರ್ನಾಟಕ ಸಂಗೀತಗಾರ ಆದಿತ್ಯ ಪ್ರಕಾಶ್. ಮೃದಂಗ ಹಿಡಿದು ಕುಳಿತವರು ನಮ್ಮ ಬೆಂಗಳೂರಿನ ಬಿ.ಸಿ. ಮಂಜುನಾಥ್. ಲಂಡನ್ನಿನ ಇಸ್ಲಿಂಗ್ಟನ್ ಭಾಗದಲ್ಲಿರುವ ಆ ರಂಗಮಂದಿರದಲ್ಲಿ, ಕೋಟು ಕಳಚಿ ಮಡಿಲಲ್ಲಿಟ್ಟುಕೊಳ್ಳುತ್ತಾ ತಮ್ಮ ಸಾಲು ಹುಡುಕುತ್ತಿದ್ದ ಜನರ ನಡುವೆ, ‘ತದಿಗಿಣತೊಂ’ ಎಂಬ ಸೊಲ್ಲು ತೇಲಿಬಂದಾಗ ನನಗೆ ಆದದ್ದನ್ನು ಅಭಿಮಾನ ಎನ್ನಬೇಕೋ ತವರಿನ ನೆನಪು ಎನ್ನಬೇಕೋ ತಿಳಿಯದು. ಬಹಳ ಜನ ತಮ್ಮ ತಮ್ಮಲ್ಲೇ ಮಾತಾಡಿಕೊಳ್ಳುತ್ತಿದ್ದರು. ಅದು ಆಟ ಶುರುವಾಗುವ ಮುಂಚಿನ ಹಿನ್ನೆಲೆ ಸಂಗೀತ ಎಂದುಕೊಂಡಿದ್ದರೋ ಏನೋ. ವಾಸ್ತವವಾಗಿ ಆಟದ ಅತ್ಯಂತ ಸುಂದರವಾದ ಕೆಲವು ನಿಮಿಷಗಳು ಅಲ್ಲಿಯೇ ಇವೆ.

ಇಲ್ಲಿ ಒಂದು ಸೂಕ್ಷ್ಮವನ್ನು ಹೇಳಬೇಕು. ಖಾನ್ ಕಲಿತದ್ದು ಉತ್ತರ ಭಾರತದ ಶಾಸ್ತ್ರೀಯ ನೃತ್ಯವಾದ ಕಥಕ್, ಅದೂ ಏಳನೆಯ ವಯಸ್ಸಿನಿಂದ, ಗುರು ಪ್ರತಾಪ್ ಪವಾರ್ ಅವರ ಬಳಿ. ಕಥಕ್ಕಿಗೆ ರೂಢಿಯಲ್ಲಿ ಜೊತೆಯಾಗುವುದು ತಬಲಾ ಅಥವಾ ಪಖಾವಾಜ್. ಇಲ್ಲಿ ಆ ಜಾಗದಲ್ಲಿ ಮೃದಂಗ ಮತ್ತು ಕೊನ್ನಕ್ಕೋಲು, ಅಂದರೆ ತಾಳದ ಸೊಲ್ಲುಗಳನ್ನು ಬಾಯಲ್ಲಿ ನುಡಿಯುವ ಕಲೆ, ಬಂದು ಕುಳಿತಿವೆ. ಉತ್ತರದ ಕಾಲಿಗೆ ದಕ್ಷಿಣದ ಕೈ. ಲೆಕ್ಕಾಚಾರದ ಮಟ್ಟದಲ್ಲಿ ಇದರಲ್ಲಿ ಅಂಥ ಕಷ್ಟವಿಲ್ಲ. ಹದಿನಾರು ಎಣಿಕೆಯ ಉತ್ತರದ ತೀನ್‌ತಾಲದ ಒಂದು ಸುತ್ತಿಗೆ ಎಂಟು ಎಣಿಕೆಯ ನಮ್ಮ ಆದಿತಾಳದ ಎರಡು ಸುತ್ತುಗಳು ಸರಿಹೋಗುತ್ತವೆ, ಮತ್ತು ಅವರ ತಿಹಾಯಿಯೂ ನಮ್ಮ ಮುಕ್ತಾಯವೂ ಒಂದು ನಡೆಯನ್ನು ಮೂರು ಸಲ ಹೇಳಿ ಸಮಕ್ಕೆ, ಅಂದರೆ ತಾಳದ ಮೊದಲ ಎಣಿಕೆಗೆ, ಬಂದು ಇಳಿಯುವ ಒಂದೇ ಗಣಿತದ ಎರಡು ಮಾತುಗಳು. ಆದರೆ ನಾದ ಬೇರೆ. ತಬಲದ ಬಾಯಾದಲ್ಲಿ, ಅಂದರೆ ಎಡಗೈಯ ವಾದ್ಯದಲ್ಲಿ, ಜಾರುವ ದನಿ ಕಥಕ್ಕಿನ ಪಾದಕ್ಕೆ ಒಂದು ಬಗೆಯ ಮೆತ್ತನೆಯ ಹಾಸನ್ನು ಹಾಸುತ್ತದೆ. ಮೃದಂಗದ ಎಡಬದಿಯಾದ ತೊಪ್ಪಿಯ ಪೆಟ್ಟು ಅದಕ್ಕಿಂತ ಗಟ್ಟಿ, ಅದಕ್ಕಿಂತ ಮಣ್ಣಿನದು. ಖಾನ್ ಪಾದ ಅಪ್ಪಳಿಸಿದಾಗ ಆ ಎರಡು ಸದ್ದುಗಳು ಸೇರಿ ಬರುವ ಗುಡುಗು ಧ್ವನಿಮುದ್ರಿಕೆಯಿಂದ ಬರುವಂಥದ್ದಲ್ಲ. ಅದರ ಜೊತೆಗೆ, ಮಂಜುನಾಥ್ ಬಾಯಲ್ಲಿ ಜತಿ (ಸೊಲ್ಲುಗಳ ಸಾಲು) ಹೇಳುತ್ತಿರುವಾಗ ಅವರ ಕಣ್ಣು ಖಾನ್ ಅವರ ಮೊಣಕಾಲಿನ ಮೇಲೆ ನೆಟ್ಟಿರುವುದನ್ನು ಕೆಳಗಿನ ಆಸನದಿಂದ ಸ್ಪಷ್ಟವಾಗಿ ಕಂಡೆ. ನರ್ತಕನ ಉಸಿರು ಒಂದು ಕ್ಷಣ ತಡವಾದರೆ ಸೊಲ್ಲೂ ಅಷ್ಟೇ ತಡವಾಗುತ್ತದೆ. ಸಂಗೀತವನ್ನು ವೇದಿಕೆಯ ಮೇಲೆಯೇ ನುಡಿಸಬೇಕು ಎನ್ನುವುದಕ್ಕೆ ಇದಕ್ಕಿಂತ ಬೇರೆ ಸಮರ್ಥನೆ ಬೇಕಿಲ್ಲ.

ಖಾನ್ ಬರುವುದು ಬಿಳಿಯ ಉಡುಪಿನಲ್ಲಿ, ನಡೆದಲ್ಲ, ಯಾರೋ ದೂಡಿದಂತೆ ತೊಡರಿಕೊಂಡು. ಅವರ ಪಾತ್ರ ಒಬ್ಬ ನರ್ತಕ, ಸಿಪಾಯಿಯಾಗಿ ಹೋಗಿ ಬಂದವನು, ಅಥವಾ ಇನ್ನೂ ಅಲ್ಲಿಯೇ ಉಳಿದಿರುವವನು. ಮನಸ್ಸು ಘಾಸಿಗೊಂಡಿರುವುದು ನಿಂತ ರೀತಿಯಲ್ಲೇ ತಿಳಿಯುತ್ತದೆ. ಮೈಫಿಲಿನ, ಅಂದರೆ ಆ ಸಂಗೀತಗೋಷ್ಠಿಯ, ಮುಂದೆ ಅವನು ಕುಣಿಯಲು ತೊಡಗುತ್ತಾನೆ. ತತ್ಕಾರ (ಪಾದ ಬಡಿಯುವ ಲಯ) ಶುರುವಾದಾಗ ಅದರಲ್ಲಿ ಹಳೆಯ ವಿದ್ವತ್ತಿನ ನಿಖರತೆ ಇದೆ. ಚಕ್ಕರ್ (ಗಿರಕಿ) ಹೊಡೆದು ನಿಲ್ಲುವಾಗ ತೋಳುಗಳು ಗಾಳಿಯಲ್ಲಿ ಒಂದು ಗೆರೆಯನ್ನೆಳೆದು ಅಲ್ಲೇ ಬಿಟ್ಟುಬರುತ್ತವೆ. ಆದರೆ ನಡುನಡುವೆ ವಿದ್ಯುತ್ತು ಕೈಕೊಟ್ಟಂತೆ ಬಲ್ಬುಗಳು ಚಟಪಟ ಎಂದು ಮಿಣುಕುತ್ತವೆ, ಲಯ ಅಲ್ಲಿಗೆ ತುಂಡಾಗುತ್ತದೆ, ನರ್ತಕ ತಾನೆಲ್ಲಿದ್ದೇನೆಂದು ಮರೆತವನಂತೆ ನಿಂತುಬಿಡುತ್ತಾನೆ, ಮತ್ತೆ ಸಾವರಿಸಿಕೊಂಡು ಎತ್ತಿಕೊಳ್ಳುತ್ತಾನೆ.

ಅತ್ತೆ ಹುಡುಗಿಯಾಗಿದ್ದಾಗ ಕೆಲವು ವರ್ಷ ಭರತನಾಟ್ಯ ಕಲಿತವರು. ಮೈಸೂರಿನ ಎಂಟನೇ ಕ್ರಾಸ್ ಗಣೇಶೋತ್ಸವದ ಕಛೇರಿಗಳನ್ನು ತಪ್ಪಿಸಿಕೊಂಡ ವರ್ಷವೇ ಇಲ್ಲ ಎನ್ನಬಹುದು. ಸಮಕಾಲೀನ ನೃತ್ಯವನ್ನು ಅವರು ನೋಡಿದ್ದು ಇದೇ ಮೊದಲು. ಆಟ ಮುಗಿದು ಹೊರಗೆ ಬಂದು ರೋಸ್‌ಬರಿ ಅವೆನ್ಯೂವಿನ ಕಾಲುದಾರಿಯಲ್ಲಿ ನಿಂತಾಗ ಅವರು ಮೊದಲು ಹೇಳಿದ ಮಾತು ಇದು: “ಈಗ ಸಮಕ್ಕೆ ಬರ್ತಾನೆ, ಈಗ ಬರ್ತಾನೆ ಅಂತ ತೊಡೆ ಮೇಲೆ ತಾಳ ಹಾಕ್ಕೊಂಡೇ ಕೂತಿದ್ದೆ ಕಣೇ, ಅವನು ಬರಲೇ ಇಲ್ಲ. ನನ್ನ ಕೈ ಹಂಗೇ ನಿಂತುಬಿಡ್ತು.” ಇಡೀ ಪ್ರಯೋಗದ ಬಗ್ಗೆ ನಾನು ಓದಿದ ವಿಮರ್ಶೆಗಳಲ್ಲಿ ಯಾವುದೂ ಈ ಮಾತಿನಷ್ಟು ಒಳಗೆ ಹೋಗಿಲ್ಲ. ತಿಹಾಯಿಯ ಎರಡು ಪಾಲು ಕೇಳಿಸಿ ಮೂರನೆಯದು ಕೇಳದೇ ಹೋದರೆ, ತಾಳ ಬಲ್ಲವರ ಮೈಯಲ್ಲಿ ಉಳಿಯುವ ಕಳವಳವೊಂದಿದೆಯಲ್ಲ, ಯುದ್ಧದಿಂದ ಅರ್ಧಕ್ಕೆ ಕಡಿದುಹೋದ ಬದುಕನ್ನು ಈ ಪ್ರಯೋಗ ಹೇಳುವುದು ಆ ಕಳವಳದ ಮೂಲಕವೇ. ತಾಳ ಬಾರದವರಿಗೂ ಏನೋ ತಪ್ಪಿತೆಂದು ಗೊತ್ತಾಗುತ್ತದೆ. ಬಲ್ಲವರಿಗೆ ಏನು ತಪ್ಪಿತೆಂದು ಗೊತ್ತಾಗುತ್ತದೆ.

ನಾನು ಎರಡನೆಯ ಸಲ ಹೋದದ್ದು ಮುಖ್ಯವಾಗಿ ಒಂದು ದೃಶ್ಯಕ್ಕಾಗಿ, ಗೆಜ್ಜೆ ಬಿಚ್ಚುವ ದೃಶ್ಯಕ್ಕಾಗಿ. ಕರ್ನಾಟಕದಲ್ಲಿ ಬೆಳೆದ ನಮಗೆ ಗೆಜ್ಜೆ ಎಂದರೆ ಚರ್ಮದ ಪಟ್ಟಿಗೋ ಬಟ್ಟೆಯ ಪಟ್ಟಿಗೋ ಸಾಲಾಗಿ ಹೊಲಿದ, ಬಕಲ್ ಹಾಕಿ ಕಟ್ಟುವ ಭರತನಾಟ್ಯದ ಗೆಜ್ಜೆ. ಕಥಕ್ಕಿನ ಗೆಜ್ಜೆ ಹಾಗಲ್ಲ. ಒಂದೊಂದು ಗೆಜ್ಜೆಯನ್ನೂ ಹತ್ತಿಯ ಹುರಿಯಲ್ಲಿ ಬಿಗಿಯಾಗಿ ಗಂಟುಹಾಕುತ್ತಾ ಹೋಗಿ, ಆ ಉದ್ದನೆಯ ಹುರಿಯನ್ನು ಕಾಲಿಗೆ ಸುತ್ತು ಸುತ್ತಾಗಿ ಸುತ್ತಿ ಕಟ್ಟುತ್ತಾರೆ; ಒಂದೊಂದು ಕಾಲಿಗೆ ನೂರಕ್ಕೂ ಹೆಚ್ಚು ಗೆಜ್ಜೆಗಳಿರುವುದು ಸಾಮಾನ್ಯ. ಖಾನ್ ನೆಲದ ಮೇಲೆ ಕುಳಿತು ಆ ಸುತ್ತನ್ನು ಬಿಚ್ಚತೊಡಗುತ್ತಾರೆ. ಒಂದು ಸುತ್ತು, ಎರಡು ಸುತ್ತು, ಬಿಚ್ಚಿದಷ್ಟೂ ಬರುತ್ತದೆ. ಬೆರಳುಗಳಿಗೆ ಅವಸರವಿಲ್ಲ. ಇಷ್ಟು ಹೊತ್ತು ಲಯಕ್ಕೆ ಮಾತ್ರ ದನಿಗೊಟ್ಟಿದ್ದ ಗೆಜ್ಜೆಗಳು ಈಗ ಹೊತ್ತುಗೊತ್ತಿಲ್ಲದೆ ಜಣಜಣ ಎನ್ನುತ್ತವೆ, ಲೋಹದ ಸದ್ದಾಗಿ ಮಾತ್ರ. ಕೊನೆಗೆ ಎರಡೂ ಕೈಗಳಲ್ಲಿ ಎತ್ತಿ ಹಿಡಿದಾಗ ಅದು ಸರಪಳಿಯಂತೆ ಕಾಣುತ್ತದೆ. ಎದೆಗೆ ಅಡ್ಡಲಾಗಿ ಸುತ್ತಿಕೊಂಡಾಗ ಗುಂಡುಗಳ ಪಟ್ಟಿಯಾಗುತ್ತದೆ. ಹೊಸ ಸಾಮಾನು ಯಾವುದೂ ವೇದಿಕೆಗೆ ಬಂದಿಲ್ಲ, ಪಾದದಲ್ಲಿದ್ದದ್ದು ಎದೆಗೆ ಏರಿದೆ, ಅಷ್ಟೆ. ನರ್ತಕ ಸಿಪಾಯಿಯಾದದ್ದು, ಸಿಪಾಯಿ ಕೈದಿಯಾದದ್ದು ಒಂದೇ ವಸ್ತುವಿನಲ್ಲಿ ಮುಗಿದುಹೋಯಿತು.

ಈ ದೃಶ್ಯ ಭರತನಾಟ್ಯದ ಗೆಜ್ಜೆಯಲ್ಲಿ ಸಾಧ್ಯವಿರಲಿಲ್ಲ ಎಂಬುದನ್ನು ಗಮನಿಸಬೇಕು. ಕಥಕ್ಕಿನ ಗೆಜ್ಜೆಯ ಹುರಿಗೆ ಇರುವ ಉದ್ದದಿಂದಲೇ ಅದು ಹುಟ್ಟಿದೆ. ಸಮಕಾಲೀನ ನೃತ್ಯಸಂಯೋಜಕನೊಬ್ಬ ಹೊರಗಿನಿಂದ ಬಂದು ಕಥಕ್ಕಿಗೆ ತೊಡಿಸಿದ ಅರ್ಥ ಅದಲ್ಲ, ಇಪ್ಪತ್ತು ಮೂವತ್ತು ವರ್ಷ ದಿನಾ ಅದನ್ನು ಕಾಲಿಗೆ ಸುತ್ತಿ ಬಿಚ್ಚಿದವನಿಗೆ ಮಾತ್ರ ಹೊಳೆಯಬಹುದಾದದ್ದು. ಶಾಸ್ತ್ರೀಯ ಮತ್ತು ಸಮಕಾಲೀನದ ಬೆಸುಗೆ ಎಂದು ನಾವು ಯಾವುದನ್ನು ಕರೆಯುತ್ತೇವೋ ಅದು ನಿಜವಾಗಿ ಆಗುವುದು ಇಂಥ ಕಡೆ: ಪರಂಪರೆಯ ಒಳಗೇ ಇದ್ದ ವಸ್ತುವೊಂದು ಕಥೆಯ ಒತ್ತಡಕ್ಕೆ ತನ್ನ ಹಳೆಯ ಕೆಲಸವನ್ನು ಬಿಟ್ಟು ಇನ್ನೊಂದಾಗುವಾಗ.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ಕೆಲವು ವರ್ಷಗಳ ಹಿಂದೆ ಬೆಂಗಳೂರಿನ ಒಂದು ಸಭಾಂಗಣದಲ್ಲಿ ನೋಡಿದ ‘ಫ್ಯೂಷನ್’ ಕಾರ್ಯಕ್ರಮವೊಂದು ನನಗೆ ಇನ್ನೂ ಮರೆತಿಲ್ಲ. ಅಲ್ಲಿ ಭರತನಾಟ್ಯದ ಅಡವುಗಳಿದ್ದವು, ಅವುಗಳ ನಡುವೆ ನೆಲದ ಮೇಲೆ ಉರುಳುವ ಚಲನೆಗಳಿದ್ದವು, ಬದಿಯಲ್ಲಿ ಆಫ್ರಿಕದ ಚರ್ಮವಾದ್ಯ ಜೆಂಬೆ ಮತ್ತು ಸ್ಯಾಕ್ಸೋಫೋನ್ ಇದ್ದವು. ನುಡಿಸುವವರು ಕಿವಿಗೆ ಸಿಕ್ಕಿಸಿಕೊಂಡ ಯಂತ್ರದ ಎಣಿಕೆಗೆ ತಕ್ಕಂತೆ ನುಡಿಸುತ್ತಿದ್ದರು, ನರ್ತಕಿಯರು ಮುದ್ರಿತ ತಾಳಕ್ಕೆ ಕುಣಿಯುತ್ತಿದ್ದರು. ಒಬ್ಬರು ಇನ್ನೊಬ್ಬರ ಕಡೆ ಒಮ್ಮೆಯೂ ನೋಡಲಿಲ್ಲ. ಎಲ್ಲರೂ ಪ್ರತಿಭಾವಂತರೇ, ಬೆವರು ಸುರಿಸಿ ದುಡಿದವರೇ. ಆದರೆ ಅಡವಿನ ಪಕ್ಕದಲ್ಲಿ ಉರುಳಾಟ ಏಕೆ ಬಂದಿತು, ಜೆಂಬೆಯ ಬದಲು ತವಿಲ್ ಇದ್ದಿದ್ದರೆ ಏನು ವ್ಯತ್ಯಾಸವಾಗುತ್ತಿತ್ತು ಎಂಬ ಪ್ರಶ್ನೆಗೆ ಆ ಸಂಜೆ ಉತ್ತರ ಸಿಗಲಿಲ್ಲ. ಬೆರೆಸುವುದಕ್ಕೆ ಒಂದು ಕಾರಣ ಇರಬೇಕು. ‘ಕ್ಸೆನೋಸ್’ನಲ್ಲಿ ಆ ಕಾರಣ ಇದೆ: ಇಲ್ಲಿ ಒಬ್ಬ ಮನುಷ್ಯನನ್ನು ಅವನ ಶಾಸ್ತ್ರದಿಂದ ಬಲವಂತವಾಗಿ ಕಿತ್ತು ಬೇರೆ ನೆಲಕ್ಕೆ ಎಸೆಯಲಾಗಿದೆ. ಆದ್ದರಿಂದ ಕಥಕ್ ಮೊದಲು ಪೂರ್ಣವಾಗಿ ನಿಂತು, ಆಮೇಲೆ ಒಂದೊಂದಾಗಿ ಕಳಚಿಬೀಳುತ್ತದೆ. ನೆಲಕ್ಕೆ ಬೀಳುವ, ತೆವಳುವ, ಜಾರುವ ಚಲನೆಗಳು ಬರುವುದು ಅದು ಕಳಚಿದ ಜಾಗದಲ್ಲಿ.

ಕಥಕ್ಕಿನ ಒಳಗಿನಿಂದಲೇ ಹೊಸದನ್ನು ಹುಡುಕುವ ಈ ಹಾದಿಯನ್ನು ಖಾನ್ ಒಬ್ಬರೇ ತುಳಿದದ್ದಲ್ಲ. ಅಹಮದಾಬಾದಿನಲ್ಲಿ ಕುಮುದಿನಿ ಲಾಖಿಯಾ ಕಥಕ್ಕನ್ನು ಒಬ್ಬರೇ ಕುಣಿಯುವ ಪದ್ಧತಿಯಿಂದಲೂ ಪುರಾಣದ ಕಥೆಗಳಿಂದಲೂ ಬಿಡಿಸಿ ಗುಂಪಿನ ನೃತ್ಯಕ್ಕೆ ತಂದರು. ನಮ್ಮ ಬೆಂಗಳೂರಿನ ಮಾಯಾ ರಾವ್ ಅವರು ಶಂಭು ಮಹಾರಾಜರಲ್ಲಿ ಕಥಕ್ ಕಲಿತು, ಸೋವಿಯತ್ ಒಕ್ಕೂಟಕ್ಕೆ ಹೋಗಿ ನೃತ್ಯಸಂಯೋಜನೆಯನ್ನೇ ಒಂದು ವಿದ್ಯೆಯಾಗಿ ಓದಿಬಂದು, ಅದನ್ನು ಕಲಿಸಲು ದೆಹಲಿಯಲ್ಲಿ ಕಟ್ಟಿದ್ದ ಸಂಸ್ಥೆಯನ್ನು 1987ರಲ್ಲಿ ಬೆಂಗಳೂರಿಗೆ ತಂದರು. ಕಥಕ್ ಮತ್ತು ನೃತ್ಯಸಂಯೋಜನೆ ಎಂಬ ಎರಡು ಪದಗಳು ಒಂದೇ ಫಲಕದ ಮೇಲೆ ನಮ್ಮ ಊರಿನಲ್ಲಿ ಅಷ್ಟು ಹಿಂದೆಯೇ ಇದ್ದವು. ಖಾನ್ ಅವರಿಗೆ ಸಿಕ್ಕ ಹೆಚ್ಚಿನ ಅನುಕೂಲವೆಂದರೆ ಎರಡು ಶಿಕ್ಷಣಗಳೂ ಒಂದೇ ದೇಹದಲ್ಲಿ ಎಳೆಯ ವಯಸ್ಸಿನಲ್ಲೇ ಇಳಿದದ್ದು. ಬಾಂಗ್ಲಾದೇಶಿ ಮೂಲದ ಕುಟುಂಬದಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಅವರು, ಹುಡುಗನಾಗಿ ರಂಗನಿರ್ದೇಶಕ ಪೀಟರ್ ಬ್ರೂಕ್ ಅವರ ಮಹಾಭಾರತ ನಾಟಕದ ಪ್ರವಾಸದಲ್ಲಿದ್ದರು. ಆಮೇಲೆ ಇಂಗ್ಲೆಂಡಿನಲ್ಲಿಯೇ ಸಮಕಾಲೀನ ನೃತ್ಯವನ್ನು ಕ್ರಮವಾಗಿ ಕಲಿತರು. 2000ದಲ್ಲಿ ನಿರ್ಮಾಪಕ ಫಾರೂಕ್ ಚೌಧರಿ ಅವರೊಡನೆ ಸ್ವಂತ ತಂಡ ಕಟ್ಟಿದರು. ಅವರ ಮೈಯಲ್ಲಿ ಎರಡು ವ್ಯಾಕರಣಗಳ ನಡುವಿನ ಹೊಲಿಗೆ ಕಾಣುವುದಿಲ್ಲ. ಚಕ್ಕರ್ ಹೊಡೆಯುತ್ತಾ ಹೊಡೆಯುತ್ತಾ ಸೊಂಟ ಕುಸಿದು ಮೊಣಕಾಲ ಮೇಲೆ ಸುತ್ತು ಮುಂದುವರಿಯುವಾಗ ಕಥಕ್ ಎಲ್ಲಿ ಮುಗಿಯಿತು ಎಂದು ನಾನು ಎರಡು ಸಲ ಹುಡುಕಿದೆ, ಎರಡು ಸಲವೂ ಸಿಗಲಿಲ್ಲ.

ವೇದಿಕೆಯ ಹಿಂಭಾಗದಲ್ಲಿ ಒಂದು ಕಡಿದಾದ ಇಳಿಜಾರು ಇದೆ. ಮೇಲಿನ ಅಂತಸ್ತಿನಿಂದ ನೋಡಿದಾಗ ಅದು ಎಷ್ಟು ಕಡಿದೆಂದು ತಿಳಿಯಲಿಲ್ಲ. ಕೆಳಗೆ ಕುಳಿತಾಗ ಅದು ಗೋಡೆಯಂತೆ ಮೇಲೆ ನಿಂತಿತ್ತು. ಹಗ್ಗಗಳು ಅದರ ಮೇಲಿಂದ ಇಳಿದು ವೇದಿಕೆಯ ತುಂಬ ಹರಡಿರುತ್ತವೆ. ಒಂದು ಹಂತದಲ್ಲಿ ಹಾಸು, ದಿಂಬು, ಕುರ್ಚಿ ಎಲ್ಲವನ್ನೂ ಆ ಹಗ್ಗಗಳು ಎಳೆದುಕೊಂಡು ಇಳಿಜಾರಿನ ಆಚೆಗೆ ಒಯ್ದುಬಿಡುತ್ತವೆ. ಯಾರ ಕೈ ಎಳೆಯುತ್ತಿದೆ ಎಂಬುದು ಕಾಣುವುದಿಲ್ಲ. ಮೈಫಿಲಿದ್ದ ಜಾಗ ಕಂದಕವಾಗುತ್ತದೆ. ಆಮೇಲೆ ಅವನು ಆ ಇಳಿಜಾರನ್ನು ಹತ್ತುತ್ತಾನೆ, ಜಾರುತ್ತಾನೆ, ಮಣ್ಣಿನಲ್ಲಿ ಹೊರಳುತ್ತಾನೆ, ಸಂಪರ್ಕದ ತಂತಿ ಎಳೆಯುವ ಸಿಪಾಯಿಯ ಕೆಲಸ ಮಾಡುತ್ತಾನೆ. ಮೇಲೆ ಒಂದು ಗ್ರಾಮಫೋನ್ ಇದೆ. ಅದರ ಕಹಳೆ ಸತ್ತ ಸಿಪಾಯಿಗಳ ಹೆಸರುಗಳನ್ನು ಹೇಳುತ್ತದೆ. ಇನ್ನೊಮ್ಮೆ ಶೋಧದೀಪವಾಗಿ ತಿರುಗಿ ಅವನನ್ನೇ ಹುಡುಕುತ್ತದೆ.

ಇದರ ಹಿಂದಿನ ಚರಿತ್ರೆಯನ್ನು ತಿಳಿದು ಹೋದರೆ ನೋಡುವುದಕ್ಕೆ ತೂಕ ಬರುತ್ತದೆ. ಮೊದಲ ಮಹಾಯುದ್ಧದಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಭಾರತೀಯರು ಬ್ರಿಟಿಷರ ಪರವಾಗಿ ದುಡಿದರು. ಸತ್ತವರು 70,000ಕ್ಕೂ ಹೆಚ್ಚು. ಗಾಯಗೊಂಡವರಲ್ಲಿ ಅನೇಕರನ್ನು ಇಂಗ್ಲೆಂಡಿನ ಬ್ರೈಟನ್ ಊರಿನ ಅರಮನೆಯಲ್ಲಿ ತೆರೆದಿದ್ದ ಆಸ್ಪತ್ರೆಗೆ ತಂದರು. ಅವರು ಮನೆಗೆ ಬರೆಸಿದ ಕಾಗದಗಳನ್ನು ಸೈನ್ಯದ ಅಧಿಕಾರಿಗಳು ಒಡೆದು ಓದಿ, ಅನುವಾದಿಸಿ ಇಟ್ಟುಕೊಂಡಿದ್ದರಿಂದ ಅವುಗಳಲ್ಲಿ ಕೆಲವು ಇಂದಿಗೂ ಉಳಿದಿವೆ. ಇದು ಯುದ್ಧವಲ್ಲ, ಲೋಕದ ಕೊನೆ ಎಂದು 1915ರ ಜನವರಿಯಲ್ಲಿ ಗಾಯಾಳು ಸಿಪಾಯಿಯೊಬ್ಬ ತನ್ನವರಿಗೆ ಬರೆದ ಮಾತು ಈ ಪ್ರಯೋಗದ ಬೆನ್ನೆಲುಬು. ಕನ್ನಡಿಗರಿಗೆ ಇದು ದೂರದ ಸಂಗತಿಯಲ್ಲ. 1918ರ ಸೆಪ್ಟೆಂಬರ್ 23ರಂದು ಈಗಿನ ಇಸ್ರೇಲಿನ ಹೈಫಾ ನಗರವನ್ನು ಹಿಡಿದ ಕುದುರೆ ಪಡೆಗಳಲ್ಲಿ ಮೈಸೂರು ಸಂಸ್ಥಾನದ ಮೈಸೂರು ಲ್ಯಾನ್ಸರ್ಸ್ ಇದ್ದರು, ಅವರಲ್ಲಿ ಒಂದು ತುಕಡಿ ಫಿರಂಗಿಗಳನ್ನು ಹಿಡಿಯಲು ಕಾರ್ಮೆಲ್ ಬೆಟ್ಟದ ಇಳಿಜಾರನ್ನು ಹತ್ತಿತ್ತು. 2018ರ ಸೆಪ್ಟೆಂಬರಿಗೆ ಅದಕ್ಕೆ ನೂರು ವರ್ಷ ತುಂಬಿತು. ಬೆಂಗಳೂರಿನ ಜೆ.ಸಿ. ನಗರದಲ್ಲಿರುವ ಅವರ ಸ್ಮಾರಕದ ಮುಂದೆ ನಾನು ಕಾಲೇಜಿನ ದಿನಗಳಲ್ಲಿ ಬಸ್ಸಿನಲ್ಲಿ ಎಷ್ಟೋ ಸಲ ಹಾದುಹೋಗಿದ್ದೇನೆ, ಒಮ್ಮೆಯೂ ಇಳಿದು ನೋಡಿರಲಿಲ್ಲ. ಖಾನ್ ಇಳಿಜಾರು ಹತ್ತುತ್ತಾ ಮಣ್ಣು ಕೆಳಗೆ ಸುರಿಯುತ್ತಿದ್ದಾಗ ನನ್ನ ಕಣ್ಣೆದುರು ಬಂದು ನಿಂತದ್ದು ಆ ಸ್ಮಾರಕವೇ.

ಈಗ ಸಂಗೀತದ ಉಳಿದ ಭಾಗಕ್ಕೆ ಬರುತ್ತೇನೆ. ನನ್ನ ಮುಖ್ಯ ತಕರಾರು ಇರುವುದೂ ಅಲ್ಲಿಯೇ. ಮಂಜುನಾಥ್ ಮತ್ತು ಆದಿತ್ಯ ಅವರ ಜೊತೆಗೆ ಟಮಾರ್ ಆಸ್ಬೋರ್ನ್ ಬ್ಯಾರಿಟೋನ್ ಸ್ಯಾಕ್ಸೋಫೋನ್ ನುಡಿಸುತ್ತಾರೆ, ನೀನಾ ಹ್ಯಾರೀಸ್ ಡಬಲ್ ಬಾಸ್ ನುಡಿಸುತ್ತಾ ಹಾಡುತ್ತಾರೆ, ಇವಲ್ಲದೆ ಒಂದು ಪಿಟೀಲು ಇದೆ. ವಾದ್ಯಗಳ ಆಯ್ಕೆಯಲ್ಲಿ ವಿವೇಕವಿದೆ. ಬ್ಯಾರಿಟೋನ್ ಸ್ಯಾಕ್ಸೋಫೋನಿನ ತಗ್ಗಿದ ದನಿ ಎಲ್ಲೋ ದೂರದಲ್ಲಿ ಊದುವ ಹಡಗಿನ ಸೀಟಿಯಂತೆ ಬರುತ್ತದೆ. ಡಬಲ್ ಬಾಸಿನ ತಂತಿಯ ಮೇಲೆ ಕಮಾನು ಉಜ್ಜಿದಾಗ ಮರ ನರಳಿದಂತಾಗುತ್ತದೆ. ಆದಿತ್ಯ ಅವರ ಆಲಾಪ ಆ ತಗ್ಗಿನ ಮೇಲೆ ಹತ್ತಿ ನಿಲ್ಲುವ ಒಂದೆರಡು ಗಳಿಗೆಗಳಲ್ಲಿ, ಯಾವ ದೇಶದ ಸಂಗೀತ ಯಾವುದು ಎಂಬ ಯೋಚನೆಯೇ ನನಗೆ ಬರಲಿಲ್ಲ. ಆದರೆ ಈ ಐವರನ್ನು ಇಳಿಜಾರಿನ ಆಚೆ, ಬಹು ಎತ್ತರದಲ್ಲಿ, ತೆಳು ಪರದೆಯ ಹಿಂದೆ ಕೂರಿಸಲಾಗಿದೆ. ಅಲ್ಲಿ ಬೆಳಕು ಬಿದ್ದಾಗ ಅವರು ಕತ್ತಲಲ್ಲಿ ತೇಲುವ ನೆರಳುಗಳಂತೆ, ಆಚೆ ಲೋಕದವರಂತೆ ಕಾಣುತ್ತಾರೆ. ಕಣ್ಣಿಗೆ ಅದು ಅದ್ಭುತ. ಕಿವಿಗೆ ಮಾತ್ರ ನಷ್ಟ. ಮೊದಲ ಹದಿನೈದು ನಿಮಿಷ ಮೃದಂಗಕ್ಕೂ ಪಾದಕ್ಕೂ ನಡುವೆ ಇದ್ದ ಆ ಮುಖಾಮುಖಿ ಮಾತುಕತೆ ಅವರು ಮೇಲೇರಿದ ಕೂಡಲೇ ನಿಂತುಹೋಗುತ್ತದೆ. ಅದರ ಜಾಗವನ್ನು ಧ್ವನಿವರ್ಧಕಗಳಿಂದ ಬರುವ ಮುದ್ರಿತ ಗದ್ದಲ ತುಂಬುತ್ತದೆ: ಸ್ಫೋಟ, ಗುಡುಗು, ಎದೆಗೂಡನ್ನು ನಡುಗಿಸುವ ಯಂತ್ರದ ಮೊರೆತ. ಯುದ್ಧದ ಭೀಕರತೆಗೆ ಅದು ಬೇಕೆಂಬ ವಾದವನ್ನು ಒಪ್ಪುತ್ತೇನೆ. ಆದರೆ ಎರಡೂ ಸಲ, ಮೇಲೆ ಪಿಟೀಲಿನ ಕಮಾನು ಆಡುವುದು ಕಂಡಿತು, ಪಿಟೀಲು ಕೇಳಿಸಲಿಲ್ಲ. ಐವರು ಕಲಾವಿದರು ಎದುರಿಗೇ ಇರುವಾಗ ಅವರ ವಾದ್ಯಗಳು ಮುದ್ರಿತ ಶಬ್ದದ ಕೆಳಗೆ ಹೂತುಹೋಗುವುದು ನನಗೆ ನಿಜವಾಗಿ ನೋವು ತಂದಿತು.

ಇನ್ನೊಂದು ಮಾತು. ಉತ್ತರಾರ್ಧದಲ್ಲಿ ಮೊಜಾರ್ಟ್‌ನ ಮರಣಗೀತೆಯ ಸ್ವರಗಳು ಕೇಳಿಬರುತ್ತವೆ. ಸಭೆಯಲ್ಲಿ ಹಲವರು ಕಣ್ಣೊರೆಸಿಕೊಂಡದ್ದನ್ನು ನೋಡಿದೆ; ಅವರ ಕಣ್ಣೀರನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಹೆಸರಿಲ್ಲದೆ ಸತ್ತ ಸಿಪಾಯಿಗೆ ಸಲ್ಲಿಸುವ ಶೋಕ ಅವನದೇ ನೆಲದ ದನಿಯಲ್ಲಿ ಬಂದಿದ್ದರೆ ಎಷ್ಟು ಚೆನ್ನಾಗಿತ್ತು ಎಂಬ ಆಸೆ ನನಗಿತ್ತು, ಅದೂ ಅದನ್ನು ಹಾಡಬಲ್ಲ ಗಾಯಕ ಅಲ್ಲಿಯೇ ಮೇಲೆ ಕುಳಿತಿದ್ದಾಗ. ಹಾಗೆಯೇ, ಮನುಷ್ಯರಿಗೆ ಬೆಂಕಿ ತಂದುಕೊಟ್ಟ ಗ್ರೀಕ್ ಪುರಾಣದ ಪ್ರೊಮೀಥಿಯಸ್‌ನ ಕಥೆಯನ್ನೂ ಇದರೊಳಗೆ ತಂದಿದ್ದಾರೆ. ಪ್ರದರ್ಶನದ ಕೈಪಿಡಿ ಓದಿದವರಿಗೆ ಅದು ತಿಳಿಯುತ್ತದೆ, ಓದದವರಿಗೆ ಬಹುಶಃ ತಿಳಿಯದು. ತಿಳಿಯದಿದ್ದರೂ ಏನೂ ಕೊರತೆಯಾಗುವುದಿಲ್ಲ. ಟ್ಯಾನಹಿಲ್ ಅವರ ಮಾತುಗಳು ಮಿತವಾಗಿವೆ, ಅದು ಒಳ್ಳೆಯದಾಯಿತು.

ಕೊನೆಯ ಭಾಗದಲ್ಲಿ ಮೇಲಿನ ಅಂಚಿನಿಂದ ಪೈನ್ ಮರದ ಕಾಯಿಗಳು ಉರುಳತೊಡಗುತ್ತವೆ. ಮೊದಲು ಒಂದು, ಆಮೇಲೆ ಹತ್ತು, ಆಮೇಲೆ ಇಡೀ ಇಳಿಜಾರಿನ ಮೇಲೆ ಸುರಿಮಳೆ. ಒಣಕಾಯಿಗಳು ಮರದ ಮೇಲೆ ಬಡಿಯುತ್ತಾ ಇಳಿಯುವ ಆ ಟಪಟಪ ಸದ್ದಿಗೆ ಯಾವ ಧ್ವನಿವರ್ಧಕವೂ ಬೇಕಿಲ್ಲ. ಕಾಲಿನಲ್ಲಿ ಗೆಜ್ಜೆಯಿಲ್ಲದ ನರ್ತಕ ಅವುಗಳ ನಡುವೆ ನಿಂತಿರುತ್ತಾನೆ. ಅವು ದೇಹಗಳೋ ಬೀಜಗಳೋ ಎಂದು ಅತ್ತೆ ದಾರಿಯುದ್ದಕ್ಕೂ ಕೇಳುತ್ತಲೇ ಇದ್ದರು. ಏಂಜಲ್ ನಿಲ್ದಾಣದ ಆ ಉದ್ದನೆಯ ಎಸ್ಕಲೇಟರಿನಲ್ಲಿ ಇಳಿಯುವಾಗಲೂ ನಮ್ಮಿಬ್ಬರ ಚರ್ಚೆ ಮುಗಿದಿರಲಿಲ್ಲ.

ಇದು ಮತ್ತೆ ರಂಗಕ್ಕೆ ಬಂದರೆ ಟಿಕೆಟು ಕೊಳ್ಳುವವರಿಗೆ ಕೆಲವು ಉಪಯುಕ್ತ ಸಂಗತಿಗಳನ್ನು ಹೇಳುತ್ತೇನೆ. ಈ ಪ್ರಯೋಗ 2018ರ ಆಗಸ್ಟ್‌ನಲ್ಲಿ ಎಡಿನ್‌ಬರೊ ಉತ್ಸವಕ್ಕೂ ಅಕ್ಟೋಬರ್ ಕೊನೆಗೆ ನ್ಯೂಯಾರ್ಕಿಗೂ ಹೋಯಿತು. ನೀವಿರುವ ಕಡೆ ಬಂದರೆ ಹಿಂದೆಮುಂದೆ ನೋಡದೆ ಟಿಕೆಟು ಕಾದಿರಿಸಬಹುದು, ಕೊಟ್ಟ ಹಣಕ್ಕೆ ಮೋಸವಿಲ್ಲ. ಸಣ್ಣ ಮಕ್ಕಳನ್ನು ಕರೆದೊಯ್ಯಬೇಡಿ, ಸ್ಫೋಟದ ಸದ್ದಿಗೂ ಕತ್ತಲಿಗೂ ಅವರು ಬೆದರುತ್ತಾರೆ. ವಿರಾಮವಿಲ್ಲವಾದ್ದರಿಂದ ತಡವಾಗಿ ಹೋದರೆ ಬಹಳ ಕಳೆದುಕೊಳ್ಳುತ್ತೀರಿ. ಆಸನದ ವಿಷಯದಲ್ಲಿ ನನ್ನ ಸಲಹೆ ಹೀಗೆ: ಮೇಲಿನಿಂದ ಹಗ್ಗಗಳ ವಿನ್ಯಾಸವೂ ಚಕ್ಕರ್‌ಗಳು ನೆಲದ ಮೇಲೆ ಬರೆಯುವ ವೃತ್ತಗಳೂ ಚೆನ್ನಾಗಿ ಕಾಣುತ್ತವೆ, ಆದರೆ ಗೆಜ್ಜೆ ಬಿಚ್ಚುವ ಬೆರಳುಗಳು, ಮೃದಂಗದವರ ಕಣ್ಣು, ಇಳಿಜಾರಿನ ಎತ್ತರ ಕೆಳಗಿನಿಂದಲೇ ಕಾಣಬೇಕು. ಒಂದೇ ಸಲ ನೋಡುವುದಾದರೆ ಸ್ವಲ್ಪ ಹೆಚ್ಚು ಕೊಟ್ಟು ಕೆಳಗೆ ಕುಳಿತುಕೊಳ್ಳಿ. ತೀರ ಮುಂದಿನ ಸಾಲು ಬೇಡ, ಮೇಲೆ ಕುಳಿತ ಸಂಗೀತಗಾರರನ್ನು ನೋಡಲು ಕತ್ತು ಎತ್ತಬೇಕಾಗುತ್ತದೆ. ಎಂಟು ಹತ್ತನೆಯ ಸಾಲು ಸರಿ. ಎಲ್ಲಕ್ಕಿಂತ ಮುಖ್ಯವಾಗಿ, ಬಾಗಿಲು ತೆರೆದ ಕೂಡಲೇ ಒಳಗೆ ಹೋಗಿ ಕುಳಿತುಬಿಡಿ. ಜನ ಇನ್ನೂ ತಮ್ಮ ಆಸನ ಹುಡುಕುತ್ತಿರುತ್ತಾರೆ, ದೀಪಗಳು ಉರಿಯುತ್ತಿರುತ್ತವೆ, ಅಲ್ಲಿ ಮಂಜುನಾಥ್ ಆಗಲೇ ಸೊಲ್ಲು ಹೇಳುತ್ತಿರುತ್ತಾರೆ.